ಕಾಲಿಗೂ ಕಾಲ ಬೇಕು

ಜನವರಿಯ ಮೊದಲ ವಾರ ಕಬ್ಬನ್ ಪಾರ್ಕಿನಲ್ಲೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಹೊಚ್ಚ ಹೊಸ ಶೂಗಳ ದಿಬ್ಬಣವೇ ಹೊರಡುತ್ತದೆ. ಫೆಬ್ರವರಿಯ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಮಂಚದ ಕೆಳಗೆ ಸೇರಿರುತ್ತವೆ. ಮನೆಮಂದಿ ಇದನ್ನು ಸೋಮಾರಿತನದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತಾರೆ. ಈ ತೀರ್ಪು ಪೂರ್ತಿ ನ್ಯಾಯವಲ್ಲ. ಓಟ ಬಿಟ್ಟವರಲ್ಲಿ ಸೋಮಾರಿಗಳು ಇದ್ದಾರು, ಆದರೆ ಅತಿ ಉತ್ಸಾಹಿಗಳೂ ಕಡಿಮೆಯಿಲ್ಲ. ಸೋಮಾರಿಗೆ ಕಣಕಾಲು ನೋಯುವುದಿಲ್ಲ. ಆ ನೋವು ಬರಬೇಕಾದರೆ ಶ್ರದ್ಧೆ ಬೇಕು. ಕಣಕಾಲಿನ ಒಳಬದಿಯಲ್ಲಿ, ಮೂಳೆಯ ಅಂಚಿಗುಂಟ ಬೆರಳೊತ್ತಿದರೆ ಐದು ಸೆಂಟಿಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿಕೊಂಡು ನೋಯುವ ಇದನ್ನು ಓಟಗಾರರು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಇದು ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್. ಹೆಸರು ಕೇಳಿದರೇ ಕಚೇರಿಯಲ್ಲಿ ಎರಡು ದಿನ ರಜೆ ಮಂಜೂರಾಗಬೇಕು, ಅಷ್ಟು ಘನವಾಗಿದೆ. ನೋವು ಬಂದ ಕೂಡಲೇ ವಿಚಾರಣೆ ಶುರುವಾಗುತ್ತದೆ: ಶೂ ಸರಿಯಿಲ್ಲ, ರಸ್ತೆ ಗಟ್ಟಿ, ಪಾದ ಚಪ್ಪಟೆ. ಇವುಗಳಲ್ಲಿ ಒಂದೆರಡಕ್ಕೆ ಸಣ್ಣಪುಟ್ಟ ಪಾಲಿದೆ, ನಿಜ. ಮುಖ್ಯ ಆರೋಪಿ ಮಾತ್ರ ಕ್ಯಾಲೆಂಡರು ಎಂಬುದು ನನ್ನ ವಾದ.

ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಓಡಲು ತೊಡಗಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಏದುಸಿರು ಇಳಿದು ಮುಖದಲ್ಲಿ ಗೆಲುವು ಕಾಣುತ್ತದೆ. ಮೂಳೆಯ ಕ್ರಮವೇ ಬೇರೆ. ಹೊಸ ಭಾರ ಬಿತ್ತೆಂದರೆ ಅದು ಮೊದಲು ಗಟ್ಟಿಯಾಗುವುದಿಲ್ಲ, ಟೊಳ್ಳಾಗುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ದಣಿದ ಮೂಳೆಯನ್ನು ಎರಡು ಮೂರು ವಾರಗಳಲ್ಲಿ ಕೊರೆದು ತೆಗೆಯುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬ ಇನ್ನೊಂದು ತಂಡ ಬಂದು ಆ ಗುಂಡಿಗಳನ್ನು ತುಂಬಿ, ಖನಿಜ ಹಾಕಿ ಬಿಗಿಮಾಡಲು ಮೂರು ತಿಂಗಳ ಆಸುಪಾಸು ಹಿಡಿಯುತ್ತದೆ. ನಮ್ಮ ನಗರಗಳಲ್ಲಿ ಪೈಪು ಹಾಕಲು ರಸ್ತೆ ಅಗೆಯುವವರು ಬೇಗ ಬಂದು, ಡಾಂಬರು ಹಾಕುವವರು ತಡವಾಗಿ ಬರುವ ಪದ್ಧತಿ ಎಲ್ಲಿಂದ ಬಂತೆಂದು ಕೇಳುವವರು ತಮ್ಮ ಕಾಲನ್ನೇ ನೋಡಿಕೊಳ್ಳಬಹುದು. ವ್ಯತ್ಯಾಸ ಇಷ್ಟೆ, ಕಾಲಿನ ಗುತ್ತಿಗೆದಾರ ಬಂದೇ ಬರುತ್ತಾನೆ. ಆದರೆ ಅಗೆದದ್ದಾಗಿದೆ, ತುಂಬಿದ್ದಾಗಿಲ್ಲ ಎನ್ನುವ ಆ ನಡುಗಾಲದಲ್ಲೇ ಶ್ವಾಸಕೋಶ ಉಬ್ಬಿ, 'ಇನ್ನೆರಡು ಕಿಲೋಮೀಟರು ಹಾಕೋಣ' ಎನ್ನುತ್ತದೆ. ಓಟದಲ್ಲಿ ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ, ಹೆಜ್ಜೆಗೆ ಮೈತೂಕದ ಎರಡರಿಂದ ಮೂರು ಪಟ್ಟು ಹೊಡೆತ. ಮೂಳೆಗೆ ಬಾಯಿಲ್ಲ. ಅದರ ಮೇಲಿನ ತೆಳುಪೊರೆಗೆ ನರಗಳಿವೆ. ದೂರು ಕೊಡುವುದು ಆ ಪೊರೆ.

ಇಲ್ಲಿಗೆ ಸ್ಕಿಪ್ಪಿಂಗ್ ಹಗ್ಗದ ಪ್ರವೇಶ. ಕಾಲು ನೋಯುತ್ತಿದೆ, ಓಟ ಬೇಡ ಎಂದು ಯಾರೋ ಹೇಳುತ್ತಾರೆ. ವಿಧೇಯ ರೋಗಿ ಓಟ ನಿಲ್ಲಿಸಿ, ವಿಶ್ರಾಂತಿಯೆಂದು ತಾರಸಿಗೆ ಹೋಗಿ ಹಗ್ಗ ಹಿಡಿಯುತ್ತಾನೆ. ನಿಮಿಷಕ್ಕೆ ನೂರರ ಲೆಕ್ಕದಲ್ಲಿ ಹತ್ತು ನಿಮಿಷ ಜಿಗಿದರೆ ಸಾವಿರ ಬಾರಿ ನೆಲ ಮುಟ್ಟಿದಂತಾಯಿತು. ಭಾರವನ್ನು ಎರಡು ಕಾಲೂ ಹಂಚಿಕೊಳ್ಳುತ್ತವೆ ಎಂಬುದು ನಿಜ, ಆ ಮಟ್ಟಿಗೆ ಇದು ಓಟಕ್ಕಿಂತ ಸೌಮ್ಯ. ಆದರೆ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಅಷ್ಟು ಹೊತ್ತೂ ಮೀನಖಂಡದ ಸ್ನಾಯು ಬಿಡುವಿಲ್ಲದೆ ದುಡಿದು, ನೋಯುವ ಜಾಗದ ಮೂಳೆಯನ್ನೇ ಮತ್ತೆ ಬಾಗಿಸುತ್ತದೆ. ಕಚೇರಿ ಬದಲಾಯಿತು, ಫೈಲು ಅದೇ ಮೇಜಿಗೆ ಬಂತು. ಮೂಳೆ ಗಟ್ಟಿಯಾಗಬೇಕಾದರೆ ಜಿಗಿಯಲೇಬೇಕಲ್ಲ ಎಂದು ಕೇಳುವವರಿದ್ದಾರೆ. ಜಿಗಿಯಬೇಕು, ಸರಿ, ಎಷ್ಟು? ಜಪಾನಿನಲ್ಲಿ ಇಲಿಗಳನ್ನು ಗುಂಪು ಮಾಡಿ ದಿನಕ್ಕೆ 5, 10, 20, 40, 100 ಬಾರಿ ನೆಗೆಯಿಸಿ ನೋಡಿದ್ದಾರೆ. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದೇ ಐದು ಜಿಗಿತಕ್ಕೆ ಇಲಿಯ ಕಾಲಿನ ಮೂಳೆ ಎದ್ದುಕಾಣುವಷ್ಟು ಬಲಿತಿತ್ತು. ಐದನ್ನು ನೂರು ಮಾಡಿದ್ದಕ್ಕೆ ಸಿಕ್ಕ ಹೆಚ್ಚುವರಿ ಲಾಭ ಅಲ್ಪ. ಒಂದಷ್ಟು ಹೊಡೆತ ಬಿದ್ದ ಮೇಲೆ ಮೂಳೆಯ ಕೋಶಗಳು ಕಿವಿ ಮುಚ್ಚಿಕೊಳ್ಳುತ್ತವೆ. ಇಲಿಗಳ ಮೇಲಿನ ಪ್ರಯೋಗಗಳ ಪ್ರಕಾರ ಅವು ಮತ್ತೆ ಪೂರ್ತಿ ಕಿವಿಗೊಡಲು ಎಂಟು ಗಂಟೆಯ ಬಿಡುವು ಬೇಕು. ಮನುಷ್ಯ ಇಲಿಯಲ್ಲ, ಒಪ್ಪಿದೆ. ಇಲಿಗಾದರೆ ಕೈಗಡಿಯಾರದಲ್ಲಿ ಪದಕ ಕೊಡುವ ಆ್ಯಪ್ ಇರಲಿಲ್ಲ.

'ನಮ್ಮ ಹಿರಿಯರು ಬರಿಗಾಲಲ್ಲಿ ಹರದಾರಿಗಟ್ಟಲೆ ನಡೆಯುತ್ತಿದ್ದರು, ಅವರಿಗೆಲ್ಲಿತ್ತು ಈ ಕಾಯಿಲೆ?' ಎಂಬ ಆಕ್ಷೇಪ ಪ್ರತಿ ಮನೆಯಲ್ಲೂ ಸಿದ್ಧವಿರುತ್ತದೆ. ನಡೆಯುತ್ತಿದ್ದರು, ಹೌದು. ನಡಿಗೆಯಲ್ಲಿ ಒಂದಲ್ಲ ಒಂದು ಪಾದ ನೆಲದ ಮೇಲಿದ್ದೇ ಇರುತ್ತದೆ. ಓಟದಲ್ಲಿ ಎರಡೂ ಗಾಳಿಯಲ್ಲಿದ್ದು ಆಮೇಲೆ ಒಂದರ ಮೇಲೆ ಬೀಳಬೇಕು. ಮೇಲಾಗಿ ಅವರು ನಡಿಗೆಯನ್ನು ಆರಂಭಿಸಿದ್ದು ಅಂಬೆಗಾಲು ಬಿಟ್ಟ ಮೇಲೆ, ನಲವತ್ತನೆಯ ಹುಟ್ಟುಹಬ್ಬದ ಮರುದಿನವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೆದರ್‌ಲ್ಯಾಂಡ್ಸ್‌ನಿಂದ ಬಂದಿದೆ. ಅಲ್ಲಿನ ಗ್ರೋನಿಂಗನ್ನಿನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಪಾಲು ಮಾಡಿ, ಒಂದಕ್ಕೆ 8 ವಾರಗಳ ಮಾಮೂಲಿ ತರಬೇತಿ, ಇನ್ನೊಂದಕ್ಕೆ 13 ವಾರಗಳ ನಿಧಾನದ ತರಬೇತಿ ಕೊಟ್ಟರು. ಗಾಯಗೊಂಡವರು ಎರಡರಲ್ಲೂ ಐದಕ್ಕೊಬ್ಬರಂತೆ, ಹೆಚ್ಚೂಕಡಿಮೆ ಸಮ. ಹಾಗಾದರೆ ಕ್ಯಾಲೆಂಡರಿನ ಮೇಲಿನ ನನ್ನ ಆರೋಪ ಬಿದ್ದುಹೋಯಿತೆ? ನನಗೆ ಹಾಗನ್ನಿಸುವುದಿಲ್ಲ. ಅವರು ಎಣಿಸಿದ್ದು ಮೊಣಕಾಲು, ಹಿಮ್ಮಡಿ ಎಲ್ಲವನ್ನೂ ಸೇರಿಸಿ. ಅಲ್ಲದೆ ಮೂಳೆ ಒಂದು ಸುತ್ತಿಗೇ ಮೂರು ತಿಂಗಳು ಕೇಳುತ್ತದೆಂದ ಮೇಲೆ ಹದಿಮೂರು ವಾರವೆಂಬುದು ಬರೀ ಮೊದಲ ಸುತ್ತು. ಆದರೂ ಇಷ್ಟು ಒಪ್ಪಬೇಕು: ಓಟವನ್ನು ವಾರಕ್ಕೆ ಶೇ. 10ರಷ್ಟೇ ಏರಿಸಿದರೆ ಅಪಾಯವಿಲ್ಲ ಎಂಬ ಸೂತ್ರ ರಕ್ಷಾಕವಚವಲ್ಲ. ಕಾಲು ಶೇಕಡಾ ಲೆಕ್ಕ ಕಲಿತಿಲ್ಲ.

ಚಿಕಿತ್ಸೆಯ ಸಂಗತಿ ಇನ್ನೂ ನೀರಸ, ಅದಕ್ಕೇ ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ಡಚ್ಚರೇ 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಇದೇ ನೋವಿನ 74 ಜನರನ್ನು ಮೂರು ಗುಂಪು ಮಾಡಿದರು: ಹಂತಹಂತವಾಗಿ ಓಡುವವರು, ಅದರ ಜೊತೆಗೆ ಸ್ನಾಯು ಎಳೆತ ಮತ್ತು ಬಲವರ್ಧನೆ ಮಾಡುವವರು, ಓಟದ ಜೊತೆಗೆ ಬಿಗಿ ಕಾಲುಚೀಲ ತೊಡುವವರು. 18 ನಿಮಿಷ ಸತತವಾಗಿ ಓಡುವಂತಾಗಲು ಮೂರು ಗುಂಪಿಗೂ ಸರಾಸರಿ ನೂರು ದಿನದ ಮೇಲೆ ಹಿಡಿಯಿತು. ಕಾಲುಚೀಲ ಕಾಲಿಗೆ ಬೆಚ್ಚಗಾಯಿತು, ಅಷ್ಟೇ. ನೂರು ದಿನ ಮಂಚದ ಮೇಲೆ ಮಲಗಿರುವುದೂ ಪರಿಹಾರವಲ್ಲ. ಭಾರವೇ ಬೀಳದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಷ್ಟು ಸವೆಯುತ್ತದೆ. ಈಜು, ಸೈಕಲ್ಲು, ನೋವು ತಾರದಷ್ಟು ನಡಿಗೆ, ಮೆಲ್ಲಗೆ ಮರಳಿ ಓಟ, ಅದೂ ಚಿಕ್ಕ ಹೆಜ್ಜೆಯ ಓಟ. ಇಷ್ಟೇ ಕಷಾಯ. ಪೊಲೀಸ್ ಪೇದೆ ಹುದ್ದೆಗೆ ಅರ್ಜಿ ಹಾಕಿ ಓಟದ ಪರೀಕ್ಷೆಗೆ ಮೈದಾನದಲ್ಲಿ ಬೆವರುವ ಹುಡುಗ ಹುಡುಗಿಯರಿಗೆ ನೂರು ದಿನದ ಮಾತು ಕ್ರೂರವೆನಿಸುತ್ತದೆ, ಗೊತ್ತು. ಅವರು ಅಧಿಸೂಚನೆ ಬರುವ ಮುಂಚೆಯೇ ಓಡಲು ತೊಡಗಬೇಕು. ಅಧಿಸೂಚನೆ ತಡವಾಗುವ ವಿಷಯದಲ್ಲಿ ನಮ್ಮ ಸರ್ಕಾರಗಳು ಅವರನ್ನು ನಿರಾಸೆಗೊಳಿಸುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ನೋವು ಉದ್ದಕ್ಕೆ ಹಬ್ಬದೆ ಒಂದೇ ಬಿಂದುವಿನಲ್ಲಿ ಚುಚ್ಚುತ್ತಿದ್ದರೆ, ಮಲಗಿದಾಗಲೂ ಬಿಡದಿದ್ದರೆ ಅದು ಮೂಳೆಯ ಸೀಳಿರಬಹುದು, ಮೂಳೆ ವೈದ್ಯರಲ್ಲಿಗೆ ಹೋಗಿ. ಮೊದಲ ಎರಡು ಮೂರು ವಾರ ಅಂಥ ಸೀಳು ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು; ಎಂಆರ್‌ಐಯಲ್ಲಿ ಕಾಣುತ್ತದೆ.