ಕವಿಮನೆಯಲ್ಲಿ ಅತ್ತೆ

ಕುಪ್ಪಳಿಯ ಕವಿಮನೆಗೆ, ಅಂದರೆ ಈಗ ಮ್ಯೂಸಿಯಂ ಆಗಿರುವ ಕವಿ ಕುವೆಂಪು ಮನೆಗೆ, ಅತ್ತೆಯ ಜೊತೆ ಹೋಗಬಾರದು. ನಾನು ಕುವೆಂಪು ಹಸ್ತಾಕ್ಷರದ ಮುಂದೆ ಕಣ್ಣರಳಿಸಿ ನಿಂತಿದ್ದರೆ, ಅವರು ಪಾತ್ರೆ-ಪಡಗ ಬಿಟ್ಟು ಕದಲಲಿಲ್ಲ. “ಇಂಥದೇ ನಮ್ಮನೇಲೂ ಇತ್ತು ಕಣೆ, ನಿಮ್ಮ ಮಾವ ಗುಜರಿಗೆ ಹಾಕಿದ್ರು. ಇಲ್ಲಿ ನೋಡು, ಟಿಕೆಟ್ ಇಟ್ಟು ತೋರಿಸ್ತಾರೆ!”

ಮಲೆನಾಡಿನ ಮೂರಂತಸ್ತಿನ ಮನೆ ನೋಡಿ ಎಲ್ಲರೂ ಬೆರಗಾದರೆ, ಅತ್ತೆಗೆ ಒಂದೇ ಚಿಂತೆ: “ಇಷ್ಟನ್ನೂ ಗುಡಿಸೋರು ಯಾರು?”

1937ರ ಕುವೆಂಪು ಮದುವೆಯ ಮಂಟಪ ಅಲ್ಲೇ ಇದೆ. ಇದೇ ಕವಿ ಮುಂದೆ ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆ ಹೇಳಿಕೊಟ್ಟದ್ದನ್ನು ಭಕ್ತಿಯಿಂದ ವಿವರಿಸಿದೆ. “ಅದಿರಲಿ, ಊಟ ಹಾಕ್ತಿದ್ರಾ?” ಅಂದರು.

ಕೊನೆಗೆ, 2015ರಲ್ಲಿ ಕಳ್ಳರು ಇಲ್ಲಿಗೆ ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿ ಪದಕಗಳನ್ನು ಕದ್ದ ಕಥೆ ಹೇಳಿದೆ. ಅತ್ತೆ ಪಾತ್ರೆಗಳತ್ತ ತಿರುಗಿ ನೋಡಿ ಲೊಚಗುಟ್ಟಿದರು.

“ಪಾಪ, ತಾಮ್ರದ ರೇಟು ಗೊತ್ತಿಲ್ಲದ ಕಳ್ಳರು!”