ಮನೆಯೋ ಆಫೀಸೋ: ನಮೂನೆ ತುಂಬುವವರಿಗೆ ಕೈಪಿಡಿ

ಬೆಂಗಳೂರಿನ ಐಟಿ ಉದ್ಯೋಗಿಗಳ ಬಳಕೆಗೆ ಮಾತ್ರ. ಆಫೀಸಿನ ಕಾಫಿ ಯಂತ್ರ ಒರೆಸುವವರಿಗೆ, ಗೇಟಿನಲ್ಲಿ ಬ್ಯಾಗು ತಡಕುವವರಿಗೆ, ಕ್ಯಾಬ್ ಓಡಿಸುವವರಿಗೆ ಈ ನಮೂನೆ ಬರುವುದೇ ಇಲ್ಲವಾದ್ದರಿಂದ ಅವರು ಕೈಪಿಡಿ ಓದಿ ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ.

‘ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಲು ಇಷ್ಟಪಡುತ್ತೀರಿ?’ ಎಂದು ಎಚ್‌ಆರ್ ವಿಭಾಗ ಮೇಲ್ ಕಳಿಸಿದೆ. ಗಾಬರಿ ಬೇಡ. ಕೇಳಿದವರಿಗೆ ಉತ್ತರ ಮೊದಲೇ ಗೊತ್ತು. ಕಟ್ಟಡದ ಬಾಡಿಗೆ ಕರಾರು ಇನ್ನೆಷ್ಟು ವರ್ಷ ಇದೆಯೆಂದು ವಿಚಾರಿಸಿದರೆ ನಿಮಗೂ ಗೊತ್ತಾಗುತ್ತದೆ.

ಮೊದಲು ನೀವು ಮಲಗುವ ಜಾಗವನ್ನು ಪರಿಶೀಲಿಸಿ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆಯಾದರೆ ನಿಮ್ಮ ಪಾಲಿನ ‘ಮನೆ’ ಎಂದರೆ ಒಂದು ಮಂಚ, ಒಂದು ಪ್ಲಗ್ಗು. ಎರಡನೇ ಯೋಚನೆ ಮಾಡದೆ ‘ಐದು ದಿನ ಆಫೀಸು’ ಒತ್ತಿ. ಎಸಿ, ಬೆನ್ನು ಆನಿಸುವ ಕುರ್ಚಿ, ಪುಕ್ಕಟೆ ಕಾಫಿ ಸಿಗುತ್ತದೆ. ನಿಮ್ಮ ನಿಷ್ಠೆಯನ್ನು ಕಂಪನಿ ಮೆಚ್ಚಿಕೊಂಡೀತು. ಕಾರಣ ಹೇಳಿ ಕೆಡಿಸಬೇಡಿ.

ಟ್ರಾಫಿಕ್ಕಿನ ನೆಪ ಹೂಡುವವರು ಅದರ ಅವಧಿ ಮುಗಿದಿದೆಯೇ ನೋಡಿಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡತೊಡಗಿ ಆ ಕಡೆಯವರ ನೆಪ ಕಳೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದು ಎಲೆಕ್ಟ್ರಾನಿಕ್ ಸಿಟಿಯವರದ್ದೂ ಹೋಯಿತು. ಸಿಲ್ಕ್‌ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರ ವರ್ತುಲ ರಸ್ತೆಯವರು ಪುಣ್ಯವಂತರು. ನೀಲಿ ಮಾರ್ಗದಲ್ಲಿ ರೈಲು ಓಡುವವರೆಗೂ ಅವರ ನೆಪ ಊರ್ಜಿತ.

ಅತ್ತೆ, ಮಾವ, ಶಾಲೆಗೆ ಹೋಗುವ ಮಗು ಇರುವ ಮನೆಯ ಮಹಿಳಾ ಉದ್ಯೋಗಿಗಳು ಈ ಭಾಗವನ್ನು ನಿಧಾನವಾಗಿ ಓದಬೇಕು; ಓದಲು ಬಿಟ್ಟರೆ. ಮನೆಯಿಂದ ಕೆಲಸ ಮಾಡುವ ಗಂಡನಿಗೆ ಬಾಗಿಲಿರುವ ಕೋಣೆಯೂ ನಿಮಗೆ ಊಟದ ಮೇಜೂ ಸಿಗುವುದು ವಾಡಿಕೆ. ಅವರ ಕಾಲ್ ಶುರುವಾದರೆ ಮಿಕ್ಸಿ ನಿಲ್ಲುತ್ತದೆ. ನಿಮ್ಮ ಕಾಲ್ ನಡೆಯುವಾಗ ‘ಮನೇಲೇ ಇದ್ದೀಯಲ್ಲಮ್ಮ, ಹಾಲಿಟ್ಟಿದೀನಿ, ಸ್ವಲ್ಪ ನೋಡ್ಕೋ’ ಎಂಬ ಮಾತು ಕೇಳಿಸುತ್ತದೆ. ನಿಮ್ಮದು ಅವರಿಗಿಂತ ಮೇಲಿನ ಹುದ್ದೆಯಾದರೂ ಹಾಲಿಗೆ ಅದು ತಿಳಿಯುವುದಿಲ್ಲ. ‘ರಾತ್ರಿಗೇನು ಅಡುಗೆ?’ ಎಂದು ಯಾರೂ ಕೇಳದ ಎಂಟು ಗಂಟೆ ಬೇಕೆಂದು ಆಫೀಸಿಗೆ ಹೊರಟವರನ್ನು ಕಂಪನಿ ತನ್ನ ಸಂಸ್ಕೃತಿಗೆ ಮನಸೋತವರೆಂದು ತಿಳಿಯುತ್ತದೆ. ತಿಳಿಯಲಿ. ಸೋಮವಾರ ಹೀಗೆ ಓಡಿಹೋದವರಿಗೇ, ಮಗುವಿಗೆ ಜ್ವರ ಬಂದ ಬುಧವಾರ ಮನೆ ಬೇಕೆನ್ನಿಸುತ್ತದೆ. ಇದು ಚಂಚಲತೆಯಲ್ಲ, ದೋಷ ನಮೂನೆಯದು. ಅದಕ್ಕೆ ಬುಧವಾರ ಗೊತ್ತು, ಜ್ವರ ಗೊತ್ತಿಲ್ಲ.

ಊರಿನಿಂದ ಕೆಲಸ ಮಾಡುವವರಿಗೆ ಒಂದೇ ಎಚ್ಚರಿಕೆ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಗುಡ್ಡ ಹತ್ತಿ ಸಿಗ್ನಲ್ ಹಿಡಿದವರಿಗೆ ಇದು ಹೊಸದಲ್ಲ. ಹಗಲು ಹೊತ್ತು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಪಕ್ಕದ ಮನೆಯವರು ನಿಮ್ಮ ತಾಯಿಯನ್ನು ‘ಮಗನ ಕೆಲಸ ಹೋಯ್ತಂತಾ?’ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ.

ಶಾಸ್ತ್ರಾಧಾರ ಬೇಕೆಂಬ ಸಹೋದ್ಯೋಗಿ ಎಲ್ಲ ತಂಡದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕತೆ ಹೇಳಿ. 2010ರ ಕೊನೆಯಲ್ಲಿ ಅಲ್ಲಿ ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರ ಪ್ರಯೋಗ ನಡೆಯಿತು. ಮನೆಯಿಂದ ದುಡಿಯುತ್ತೇವೆಂದು ಮುಂದೆ ಬಂದ ಕಾಲ್ ಸೆಂಟರಿನವರಲ್ಲಿ ಸಮಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದವರು ಮನೆಗೆ, ಬೆಸಸಂಖ್ಯೆಯವರು ಆಫೀಸಿಗೆ. ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ಶೇ 13ರಷ್ಟು ಹೆಚ್ಚಿತು. ಇನ್ನು ನಿಮ್ಮಿಷ್ಟ ಎಂದಾಗ, ಪ್ರಯೋಗದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಿದ್ದ ಜಾಗ ಬದಲಿಸಿದರು. ಅದೇ ಕಂಪನಿಯಲ್ಲಿ 1,612 ಉದ್ಯೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವಾರಕ್ಕೆರಡು ದಿನ ಮನೆ ಕೊಟ್ಟಾಗ ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು, ಕೆಲಸ ಕೆಡಲಿಲ್ಲ. ಇದನ್ನು ಮ್ಯಾನೇಜರಿಗೆ ಹೇಳುವ ಮುನ್ನ ನಿಮ್ಮ ಅಪ್ರೈಸಲ್ ಮುಗಿದಿದೆಯೇ ಖಾತ್ರಿ ಮಾಡಿಕೊಳ್ಳಿ. ಹುಟ್ಟುವುದು ಇನ್ನೂ ಬಾಕಿ ಇದ್ದರೆ ಸಮಸಂಖ್ಯೆ ನೋಡಿಕೊಂಡು ಹುಟ್ಟಿ.

ಕಡೆಯಲ್ಲಿ ‘ಇತರ ಅಭಿಪ್ರಾಯ’ ಎಂಬ ಪುಟ್ಟ ಚೌಕವಿದೆ. ‘ಮನೆಯೂ ಸರಿ, ಆಫೀಸೂ ಸರಿ, ಬೆಳಿಗ್ಗೆ ಎದ್ದು ನಾನೇ ತೀರ್ಮಾನಿಸುವಂತಿದ್ದರೆ ಸಾಕು’ ಎಂದು ಅಲ್ಲಿ ಬರೆಯಬಹುದು. ಬರೆದರೆ ‘ದಯವಿಟ್ಟು ಒಂದು ಆಯ್ಕೆಯನ್ನು ಗುರುತಿಸಿ’ ಎಂದು ಕೆಂಪಕ್ಷರ ಮೂಡುತ್ತದೆ. ಆಗ ಯಾವುದಾದರೊಂದನ್ನು ಒತ್ತಿ, ಶುಕ್ರವಾರ ಸಂಜೆ ಐದರೊಳಗೆ ಕಳಿಸಿ. ಉತ್ತರಿಸದವರನ್ನು ಐದೂ ದಿನ ಆಫೀಸಿಗೆ ಬರಲು ಸ್ವಇಚ್ಛೆಯಿಂದ ಒಪ್ಪಿದವರೆಂದು ಪರಿಗಣಿಸಲಾಗುವುದು.