ಪದ್ಯ ಹೇಳಿದ್ದು ಯಾರು?

ಗೊತ್ತಿಲ್ಲದ ಸಂಗತಿಯನ್ನು ಬಲ್ಲವರೊಬ್ಬರನ್ನು ಹುಡುಕಿ ಕೇಳುವ ಬದಲು ಊರನ್ನೆಲ್ಲ ಒಟ್ಟಿಗೆ ಕೇಳಿ, ಬಂದ ಉತ್ತರಗಳ ರಾಶಿಯಿಂದ ಸರಿಯಾದುದನ್ನು ಹೆಕ್ಕಿಕೊಳ್ಳುವ ವಿಧಾನಕ್ಕೆ ‘ಕ್ರೌಡ್‌ಸೋರ್ಸಿಂಗ್’ ಎಂಬ ಹೆಸರನ್ನು 2006ರಲ್ಲಿ ಬಳಕೆಗೆ ತಂದವರು ಅಮೆರಿಕದ ಪತ್ರಕರ್ತ ಜೆಫ್ ಹೋವ್. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಈ ವಿಧಾನವು ಬಹುಮಟ್ಟಿಗೆ ಒಂದೇ ಒಂದು ಪ್ರಶ್ನೆಯ ಸೇವೆಗೆ ಮೀಸಲಾಗಿದೆ. ಹಳೆಯ ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿದ ಬಡಗುತಿಟ್ಟು ಯಕ್ಷಗಾನದ ತುಣುಕೊಂದನ್ನು ಯಾರೋ ವಾಟ್ಸಾಪ್ ಬಳಗಕ್ಕೆ ಹಾಕಿ, ಕೆಳಗೆ “ಹ್ವಾಯ್, ಇದ್ ಯಾರ್ ಭಾಗವತ್ರ್?” ಎಂದು ಬರೆಯುತ್ತಾರೆ. ಭಾಗವತರೆಂದರೆ ತಾಳ ಹಿಡಿದು ಪದ್ಯ ಹೇಳುತ್ತ ಇಡೀ ಆಟವನ್ನು ನಡೆಸುವವರು; ವೇಷಧಾರಿ ಅರ್ಥ, ಅಂದರೆ ಆಡಬೇಕಾದ ಮಾತು, ಮರೆತರೂ ಆಟ ಮುಂದುವರಿಯಬಹುದು, ಭಾಗವತರು ಪದ್ಯ ಮರೆತರೆ ಮುಂದುವರಿಯುವುದಿಲ್ಲ. ಆದ್ದರಿಂದ ಅವರು ಯಾರೆಂಬುದು ಈ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ.

ಮೊದಲ ಉತ್ತರವು ತುಣುಕು ಪೂರ್ತಿ ಮುಗಿಯುವುದರೊಳಗೆ ಬರುತ್ತದೆ, ಮತ್ತು ಅದು ಯಾವಾಗಲೂ ಕಾಳಿಂಗ ನಾವಡರ ಹೆಸರಾಗಿರುತ್ತದೆ. ಗುಂಡ್ಮಿಯ ನಾವಡರು 1958ರಲ್ಲಿ ಹುಟ್ಟಿ, ಯಕ್ಷಗಾನ ತಂಡವಾದ ಸಾಲಿಗ್ರಾಮ ಮೇಳದಲ್ಲಿ ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅಲ್ಪಾಯುಷಿಯಾದ ಈ ಭಾಗವತರ ಖಾತೆಗೆ ವಾಟ್ಸಾಪಿನ ವಿದ್ವಾಂಸರು ಜಮೆ ಮಾಡಿರುವ ಧ್ವನಿಮುದ್ರಿಕೆಗಳನ್ನೆಲ್ಲ ಕೂಡಿಸಿದರೆ ಅವರು ಒಂದೇ ರಾತ್ರಿ ಮೂರು ಊರುಗಳಲ್ಲಿ ಹಾಡಿರಬೇಕಾಗುತ್ತದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಅವರ ಬಳಿಕ ಬಂದವರಲ್ಲಿ ಬಹುಮಂದಿ ಅವರ ಏರು ಶ್ರುತಿಯನ್ನೂ ಆಲಾಪನೆಯ ತಿರುವುಗಳನ್ನೂ ಅನುಸರಿಸಿದ್ದರಿಂದ, ಕಂಠ ಇಂಪಾಗಿದ್ದರೆ ನಾವಡರು, ಕ್ಯಾಸೆಟ್ ಸವೆದಿದ್ದರೆ ಖಂಡಿತ ನಾವಡರು ಎಂಬ ಸೂತ್ರವೊಂದು ತಾನಾಗಿ ಸಿದ್ಧವಾಗಿದೆ. ಹಿರಿಯರಾದ ಕೆಲವರು ಮಾತ್ರ, ಬಹುಸಂಖ್ಯಾತರ ಅಭಿಪ್ರಾಯಕ್ಕೆ ಸೊಪ್ಪು ಹಾಕದೆ, ನಾವಡರ ಗುರುಗಳಾದ ನಾರಣಪ್ಪ ಉಪ್ಪೂರರ ಹೆಸರು ಹೇಳುತ್ತಾರೆ. ಇಂಥ ಚರ್ಚೆಯ ನಡುವೆ ತುಣುಕಿನ ಹಿನ್ನೆಲೆಯಲ್ಲಿ ಮೊಬೈಲ್ ರಿಂಗಣಿಸಿದ್ದು ಕೇಳಿಸುತ್ತದೆಂದು ಒಬ್ಬ ಕಿರಿಯ ಸದಸ್ಯ ತೋರಿಸಿಕೊಡಬಹುದು; ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು ಎಂಬುದನ್ನೂ ಆತ ಸೇರಿಸಬಹುದು. ಆದರೆ “ಎರಡ್ನೇ ಮಾತಿಲ್ಲೆ, ನಾವಡ್ರೇ” ಎಂದು ಒಮ್ಮೆ ಬರೆದವರು ಇಂಥ ಬಾಹ್ಯ ಪ್ರಮಾಣಗಳಿಂದ ಕದಲುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಗುಲಾಬಿ ಹೂವಿನೊಡನೆ ಶುಭೋದಯ ಕಳಿಸುವುದನ್ನೇ ಸೋಲಿನ ಒಪ್ಪಿಗೆಯೆಂದು ತಿಳಿಯಬೇಕು.

ಜರ್ಮನಿಯಲ್ಲಿ ರೇಡಿಯೋದಿಂದ 1980ರ ದಶಕದಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡ, ಹಾಡಿದವರ ಹೆಸರು ತಿಳಿಯದ ಹಾಡೊಂದನ್ನು 2007ರಲ್ಲಿ ಇಂಟರ್ನೆಟ್ಟಿಗೆ ಹಾಕಿದಾಗ, ಜಗತ್ತಿನ ಸಾವಿರಾರು ಜನ ಹಳೆಯ ಪತ್ರಿಕೆ, ರೇಡಿಯೋ ದಾಖಲೆಗಳನ್ನು ಜಾಲಾಡಿ, ಅದು ಕೀಲ್ ನಗರದ ಫೆಕ್ಸ್ ಎಂಬ ತಂಡದ್ದೆಂದು ನಿರ್ಣಯಿಸಿದ್ದು 2024ರ ನವೆಂಬರಿನಲ್ಲಿ. ಅಂದರೆ 17 ವರ್ಷಗಳ ಕಾಲ ಅಷ್ಟೊಂದು ಜನ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡೇ ಹುಡುಕಾಡಿದರು. ಕುಂದಾಪುರದ ಸೀಮೆಯಲ್ಲಿ ಅದೇ ಹಾಡಿಗೆ 17 ನಿಮಿಷಗಳಲ್ಲಿ 17 ಉತ್ತರಗಳು ಸಿಕ್ಕಿಬಿಡುತ್ತಿದ್ದವು, ಮತ್ತು ಪ್ರತಿಯೊಂದು ಉತ್ತರಕ್ಕೂ ಆ ರಾತ್ರಿ ಎದುರಿನ ಸಾಲಿನಲ್ಲಿ ಕುಳಿತು ನೋಡಿದ ಸಾಕ್ಷಿದಾರರಿರುತ್ತಿದ್ದರು.

ಆದರೂ ಕಾಲನಿರ್ಣಯದಲ್ಲಿ ಈ ಬಳಗಗಳು ತೋರಿಸುವ ಶಾಸ್ತ್ರೀಯತೆಯನ್ನು ಅಲ್ಲಗಳೆಯಲಾಗದು. ಕುಮಾರವ್ಯಾಸನ ಕಾಲವನ್ನು ಗೊತ್ತುಮಾಡಲು ಪಂಡಿತರು ಪೂರ್ವಾವಧಿ, ಉತ್ತರಾವಧಿಗಳನ್ನು ಹುಡುಕಿದ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಇಡೀ ರಾತ್ರಿಯ ಆಟವು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಸದ ಕಾರಣ ಅಭಿಮಾನಿಗಳು ಅರ್ಥಗಾರಿಕೆ ಬಂದಾಗ ರೆಕಾರ್ಡರನ್ನು ನಿಲ್ಲಿಸಿ ಪದ್ಯ ಬಂದಾಗ ಒತ್ತುತ್ತಿದ್ದರಾದ್ದರಿಂದ, ವೇಷಧಾರಿ ಯಾರು, ಪ್ರಸಂಗ ಯಾವುದು ಎಂಬುದಕ್ಕೆ ಆಧಾರ ಉಳಿದಿರುವುದಿಲ್ಲ. ಆದರೆ ಹೊಸ ಕ್ಯಾಸೆಟ್ಟಿಗೆ ದುಡ್ಡು ಕೊಡಲು ಮನಸ್ಸಿಲ್ಲದೆ ಸಿನಿಮಾ ಹಾಡಿನ ಮೇಲೆಯೇ ಆಟವನ್ನು ರೆಕಾರ್ಡ್ ಮಾಡಿದವರ ಕೃಪೆಯಿಂದ, ಪದ್ಯ ನಿಂತ ಕೂಡಲೇ ಅಡಿಯಲ್ಲಿದ್ದ ಹಾಡಿನ ಅರ್ಧ ಚರಣ ಹೊರಗೆ ಬರುತ್ತದೆ, ಮತ್ತು ಆ ಸಿನಿಮಾ ಬಿಡುಗಡೆಯಾದ ವರ್ಷವೇ ಪೂರ್ವಾವಧಿಯಾಗುತ್ತದೆ. ಜಿಪುಣತನವು ಸಂಶೋಧನೆಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ನಿದರ್ಶನ ಸಿಗುವುದು ಕಷ್ಟ. ಇಸವಿಯನ್ನಾದರೂ ಇಲ್ಲಿ ಇಸವಿಯಲ್ಲಿ ಹೇಳುವ ರೂಢಿಯಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ ಮೇ ತಿಂಗಳ ಹತ್ತನಾವಧಿಗೆ ಬಿಚ್ಚುವವರೆಗಿನ ಮೇಳದ ಸಂಚಾರಕ್ಕೆ ‘ತಿರುಗಾಟ’ ಎನ್ನುತ್ತಾರೆ, ಮತ್ತು ಇಂಥವರು ಇಂಥ ಮೇಳದಲ್ಲಿದ್ದ ತಿರುಗಾಟ ಎಂದರೆ ಜಗತ್ತಿನ ಉಳಿದ ಘಟನೆಗಳನ್ನು ಅದರ ಆಚೀಚೆ ಜೋಡಿಸಿಕೊಳ್ಳಬೇಕು.

ಮೇಳದ ಹೆಸರು ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಮಂದಾರ್ತಿಯ ಮೇಳ ಎಂದೊಬ್ಬರು ಹೇಳಿದರೆ, ಐದರಲ್ಲಿ ಯಾವುದು ಎಂಬ ಮರುಪ್ರಶ್ನೆ ಏಳುತ್ತದೆ, ಏಕೆಂದರೆ ಹರಕೆಯ ಆಟಗಳ ಒತ್ತಡಕ್ಕೆ ಆ ಕ್ಷೇತ್ರದಿಂದ ಐದು ಮೇಳಗಳು ಹೊರಡುತ್ತವೆ. ಇದಕ್ಕಿಂತ ತೊಡಕಿನದು ಜೋಡಾಟದ ಧ್ವನಿಮುದ್ರಿಕೆ. ಜೋಡಾಟವೆಂದರೆ ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಪಂಥಕ್ಕೆ ಬಿದ್ದು ಆಡುವುದು. ಆಗ ಟೇಪಿನಲ್ಲಿ ಇಬ್ಬರು ಭಾಗವತರೂ ಎರಡು ಚಂಡೆಗಳೂ ಒಟ್ಟಿಗೆ ಸೇರಿರುತ್ತವೆ. ಮೂರು ದಿನ ಜಗಳವಾಡಿದ ಎರಡು ಪಕ್ಷಗಳೂ ಸರಿಯೆಂದು ಸಾಬೀತಾಗುವ ಏಕೈಕ ಸಂದರ್ಭ ಇದು, ಮತ್ತು ಇದರಿಂದ ಎರಡೂ ಪಕ್ಷಗಳಿಗೆ ಆಗುವ ನಿರಾಸೆ ಹೇಳತೀರದು.

ಸಿನಿಮಾದ ಪ್ರಶ್ನೆಗಳಿಗೆ ಇಷ್ಟು ಶ್ರಮ ಬೇಕಾಗುವುದಿಲ್ಲ. 2022ರ ‘ಕಾಂತಾರ’ದ ಚಿತ್ರೀಕರಣ ಅದರ ನಿರ್ದೇಶಕ ರಿಷಬ್ ಶೆಟ್ಟಿಯವರ ಹುಟ್ಟೂರಾದ ಕೆರಾಡಿಯಲ್ಲಿ ನಡೆದದ್ದರಿಂದ, ಗುಂಪಿನ ದೃಶ್ಯದಲ್ಲಿ ಹಿಂದೆ ನಿಂತವರು ಯಾರು ಎಂದು ಕೇಳಿದರೆ ಹೆಸರಿನ ಜೊತೆಗೆ ಅವರ ಮನೆತನ, ಮದುವೆ ಸಂಬಂಧ, ಗದ್ದೆಯ ತಕರಾರುಗಳೂ ಕೇಳದೆಯೇ ಸಿಗುತ್ತವೆ.

ಇಲ್ಲಿ ಗಮನಿಸಬೇಕಾದ ತತ್ತ್ವವೆಂದರೆ, ಸರಿಯಾದ ಉತ್ತರ ಬಲ್ಲವರು ಸಾಮಾನ್ಯವಾಗಿ ಬಳಗದಲ್ಲಿಯೇ ಇರುವುದಿಲ್ಲ. ಅವರು ಹಿಂದೊಮ್ಮೆ ಮೇಳದಲ್ಲಿ ಮದ್ದಳೆ ಬಾರಿಸಿಯೋ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಮನೆಯಲ್ಲಿ, ವೇಷದ ಪೆಟ್ಟಿಗೆ ಹೊತ್ತೋ ಈಗ ಮನೆಯ ಚಾವಡಿಯಲ್ಲಿ ಕವಳ ಹಾಕುತ್ತ ಕುಳಿತಿರುತ್ತಾರೆ. ನೂರು ಜನ ನೂರು ತಪ್ಪು ಹೇಳಿ, ಜಗಳ ಕಾವೇರಿ, ಮಾನದ ಪ್ರಶ್ನೆಯಾದ ಮೇಲಷ್ಟೇ ಯಾರದೋ ಮೊಮ್ಮಗ ಎದ್ದುಹೋಗಿ ಅಜ್ಜಯ್ಯನ ಕಿವಿಗೆ ಮೊಬೈಲ್ ಹಿಡಿಯುತ್ತಾನೆ. ಜನಸಂದೋಹದ ಜ್ಞಾನವೆಂದು ಪಾಶ್ಚಾತ್ಯರು ಕೊಂಡಾಡುವುದು ಈ ಸೀಮೆಯ ಮಟ್ಟಿಗೆ ಮೊಮ್ಮಗನನ್ನು ಎಬ್ಬಿಸುವಷ್ಟು ಗಲಾಟೆ ಮಾತ್ರ. ಅಜ್ಜಯ್ಯ “ಪದ್ಯ ಹೇಳದ್ದ್ ಯಾರೋ ಆಯ್ಲಿ, ಮದ್ದಳೆ ಕೇಣು” ಎನ್ನುತ್ತಾರೆ, ಎರಡು ಪೆಟ್ಟಿಗೆ ಮದ್ದಳೆಗಾರರನ್ನು ಗುರುತಿಸುತ್ತಾರೆ, ಆ ಮದ್ದಳೆಗಾರರು ಯಾವ ತಿರುಗಾಟದಲ್ಲಿ ಯಾವ ಭಾಗವತರಿಗೆ ಜೊತೆಯಿದ್ದರೆಂದು ಹೇಳಿ ಪ್ರಕರಣವನ್ನು ಮುಗಿಸುತ್ತಾರೆ. ಅದು ನಾವಡರಲ್ಲ, ಅಲ್ಲವೆಂಬುದರಲ್ಲಿ ಅವರಿಗೆ ಸಂಶಯವೇ ಇಲ್ಲ. ಮೊಮ್ಮಗ ಇದನ್ನು ಬಳಗಕ್ಕೆ ಟೈಪ್ ಮಾಡಿ ಕಳಿಸುವಷ್ಟರಲ್ಲಿ ತುಣುಕು ಇನ್ನೂ ಹತ್ತು ಬಳಗಗಳಿಗೆ ದಾಟಿರುತ್ತದೆ, ಯಾರೋ ಪುಣ್ಯಾತ್ಮರು ಅದನ್ನು ಯೂಟ್ಯೂಬಿಗೂ ಏರಿಸಿರುತ್ತಾರೆ, ಮತ್ತು ನೋಡುಗರು ಹೆಚ್ಚು ಸಿಗಲೆಂಬ ಸದುದ್ದೇಶದಿಂದ ಅದಕ್ಕೆ ‘ನಾವಡರ ಅಪರೂಪದ ಪದ್ಯ’ ಎಂದು ತಲೆಬರಹ ಕೊಟ್ಟಿರುತ್ತಾರೆ.